ಥಂಡರ್‌ಬರ್ಡ್ ಹಕ್ಕಿ, ವಿಎಲ್‌ಸಿ ಕೋನ್ ಮತ್ತು ಐಕಾನ್ ಬದಲಿಸುವ ಚಟ

ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಕ್ಕೆ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಮೆಮೊರಿ ಪೋಲಾಗುವ ದೋಷ ಸರಿಪಡಿಸಿ ಪ್ಯಾಚ್, ಅಂದರೆ ತಿದ್ದಿದ ಕೋಡ್ ಕಳಿಸಿ. ಇಬ್ಬರು ನೋಡಿದರೆ ನಿಮ್ಮ ಪುಣ್ಯ. ಅದೇ ಪ್ರಾಜೆಕ್ಟಿನ ಐಕಾನ್ ಬದಲಿಸಿ ನೋಡಿ, ಊರಿಗೆ ಊರೇ ಬಂದು ಕೂರುತ್ತದೆ. ಬಣ್ಣ ಜಾಸ್ತಿಯಾಯಿತು, ಹಳೆಯದೇ ಚೆನ್ನಾಗಿತ್ತು, ನೀಲಿ ಯಾಕೆ, ಇದು ಥೇಟ್ ಯಾವುದೋ ಬ್ಯಾಂಕಿನ ಆ್ಯಪ್ ಇದ್ದ ಹಾಗಿದೆ. ಒಂದು ಸಾಲು ಕೋಡ್ ಬರೆಯದವರಿಗೂ ಅಲ್ಲಿ ಹೇಳುವುದಕ್ಕೆ ಏನೋ ಇರುತ್ತದೆ.

ಇದನ್ನು ನೋಡಿ ಡೆವಲಪರ್‌ಗಳು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಜಗಳಕ್ಕೆ ಬಂದವರ ಮಾತಿನಲ್ಲೂ ಹುರುಳಿದೆ ಅನ್ನುವುದು ನನ್ನ ಅಭಿಪ್ರಾಯ. ಈ ಸಾಫ್ಟ್‌ವೇರ್‌ಗಳಿಗೆ ಟೀವಿ ಜಾಹೀರಾತು ಇಲ್ಲ, ಬಸ್ಸಿನ ಹಿಂದೆ ಪೋಸ್ಟರ್ ಇಲ್ಲ, ಕ್ರಿಕೆಟಿಗರ ಜರ್ಸಿ ಮೇಲೆ ಹೆಸರಿಲ್ಲ. ಜನ ಗುರುತು ಹಿಡಿಯುವುದು ಆ ಪುಟ್ಟ ಚಿತ್ರದಿಂದಲೇ. ಬಿಡಿಸುವ ಕೈ ಎಷ್ಟು ಚೆನ್ನಾಗಿದೆ ಅನ್ನುವ ಪ್ರಶ್ನೆ ಆಮೇಲಿನದು. ಹಳೆಯದರಲ್ಲಿ ಯಾವುದನ್ನು ಮುಟ್ಟಬಾರದು ಅನ್ನುವುದು ಮೊದಲು ಗೊತ್ತಿರಬೇಕು.

ವಿಡಿಯೋ ನೋಡುವ ವಿಎಲ್‌ಸಿ ಪ್ಲೇಯರ್ ತೆಗೆದುಕೊಳ್ಳಿ. ಎಷ್ಟೋ ಜನಕ್ಕೆ ಅದರ ಹೆಸರೇ ನೆನಪಿರುವುದಿಲ್ಲ. "ಆ ಕೋನ್ ಇರೋ ಪ್ಲೇಯರ್ ಹಾಕ್ಕೊಡಿ" ಅಂತ ಕಂಪ್ಯೂಟರ್ ಅಂಗಡಿಯಲ್ಲಿ ಕೇಳುವವರನ್ನು ನಾನೇ ನೋಡಿದ್ದೇನೆ. ವಿಡಿಯೋ ನೋಡುವುದಕ್ಕೂ ರಸ್ತೆ ರಿಪೇರಿಗೂ ಏನು ಸಂಬಂಧ? ಏನೂ ಇಲ್ಲ. 1996ರಲ್ಲಿ ಫ್ರಾನ್ಸಿನ ಎಕೋಲ್ ಸಾಂಟ್ರಾಲ್ ಪ್ಯಾರಿಸ್‌ನ ವಿದ್ಯಾರ್ಥಿಗಳು ಶುರು ಮಾಡಿದ ಪ್ರಾಜೆಕ್ಟ್ ಅದು. ಅಲ್ಲಿನ ನೆಟ್‌ವರ್ಕ್ ಸಂಘದ ಹುಡುಗರು ಬೀದಿಯಿಂದ ಟ್ರಾಫಿಕ್ ಕೋನ್‌ಗಳನ್ನು ಹೊತ್ತು ತಂದು ಗುಡ್ಡೆ ಹಾಕುತ್ತಿದ್ದರು. ಅದೇ ಲೋಗೊ ಆಯಿತು. 2006ರಲ್ಲಿ ಹಳೆಯ ಮಸುಕು ಚಿತ್ರದ ಜಾಗಕ್ಕೆ ದೊಡ್ಡ ಅಳತೆಯಲ್ಲಿ ನೀಟಾಗಿ ಬಿಡಿಸಿದ ಕೋನ್ ಬಂತು. ಕೋನ್ ಮಾತ್ರ ಕೋನ್ ಆಗಿಯೇ ಉಳಿಯಿತು.

ಬ್ರ್ಯಾಂಡಿಂಗ್ ಏಜೆನ್ಸಿಯ ಕೈಗೆ ಕೊಟ್ಟಿದ್ದರೆ ಮೊದಲ ಮೀಟಿಂಗಿನಲ್ಲೇ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು. ಬದಲಿಗೆ ಒಂದು ತ್ರಿಕೋನ ಬರುತ್ತಿತ್ತು. ಪ್ಲೇ ಸ್ಟೋರಿನಲ್ಲಿ ವಿಡಿಯೋ ಪ್ಲೇಯರ್ ಅಂತ ಹುಡುಕಿ ನೋಡಿ, ಸಾಲು ಸಾಲು ತ್ರಿಕೋನ. ಯಾವುದು ಯಾರದು ಅಂತ ದೇವರಿಗೇ ಗೊತ್ತು. ಆ ಗುಂಪಿನಲ್ಲಿ ಕಿತ್ತಳೆ ಕೋನ್ ಒಂದೇ ಎದ್ದು ಕಾಣುತ್ತದೆ. ಅರ್ಥ ಹೇಳದ ಐಕಾನ್ ಕೆಟ್ಟ ಐಕಾನ್ ಅನ್ನುವ ಪಾಠವನ್ನು ಡಿಸೈನ್ ಕೋರ್ಸ್‌ಗಳಲ್ಲಿ ಕಲಿಸುತ್ತಾರಲ್ಲ, ಅದನ್ನು ಅಷ್ಟೊಂದು ನಂಬಬೇಡಿ. (ಡಿಸೆಂಬರ್ ಕೊನೆಯಲ್ಲಿ ಆ ಕೋನ್ ಸಾಂಟಾ ಟೋಪಿ ಹಾಕಿಕೊಳ್ಳುತ್ತದೆ. ಅದನ್ನು ನೋಡಿ ವೈರಸ್ ಬಂತಾ ಅಂತ ಗಾಬರಿಯಾದವರೂ ಇದ್ದಾರೆ.)

ಇತ್ತೀಚಿನ ವರ್ಷಗಳಲ್ಲಿ ನನಗೆ ತುಂಬ ಹಿಡಿಸಿದ ಕೆಲಸ ಇಮೇಲ್ ಓದುವ ಸಾಫ್ಟ್‌ವೇರ್ ಥಂಡರ್‌ಬರ್ಡ್‌ನದು. 2004ರ ಅದರ ಐಕಾನ್ ಡಿಸೈನರ್ ಜಾನ್ ಹಿಕ್ಸ್ ಬಿಡಿಸಿದ್ದು. ಫೈರ್‌ಫಾಕ್ಸ್ ಬ್ರೌಸರಿನ ಮೊದಲ ನರಿಯನ್ನು ಬಿಡಿಸಿದ್ದೂ ಅವರೇ. ಲಕೋಟೆಯನ್ನು ಅಪ್ಪಿಕೊಂಡ ನೀಲಿ ಹಕ್ಕಿ, ಮೈತುಂಬ ಗರಿ, ಹೊಳಪು, ನೆರಳು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲವೂ ಹಾಗೇ ಫಳಫಳ ಅನ್ನುತ್ತಿತ್ತು, ಅಲ್ವಾ? 2023ರಲ್ಲಿ 115ನೇ ಆವೃತ್ತಿಯ ಜೊತೆ ಹೊಸ ಐಕಾನ್ ಬಂತು. ಅದನ್ನು ಬಿಡಿಸುವುದಕ್ಕೆ ಥಂಡರ್‌ಬರ್ಡ್‌ನವರು ಕರೆದದ್ದು ಮತ್ತೆ ಅದೇ ಜಾನ್ ಹಿಕ್ಸ್‌ರನ್ನು. ಸುಮಾರು ಎರಡು ದಶಕದ ನಂತರ ತನ್ನದೇ ಚಿತ್ರವನ್ನು ತಿದ್ದುವ ಅವಕಾಶ ಯಾವ ಡಿಸೈನರ್‌ಗೆ ಸಿಗುತ್ತದೆ ಹೇಳಿ.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ. ಡಿಸೈನರ್‌ಗಳು ದಿನಾ ಮಾಡುವ ಪರೀಕ್ಷೆ ಇದು. ಗರಿ, ಹೊಳಪು, ಕೊಕ್ಕು ಎಲ್ಲ ಮಸುಕಾಗಿ, ಎರಡರಲ್ಲೂ ಉಳಿಯುವುದು ಒಂದೇ: ದುಂಡಗಿನ ನೀಲಿ, ನಡುವೆ ತಿಳಿ ಬಣ್ಣದ ಲಕೋಟೆ. ಟಾಸ್ಕ್‌ಬಾರಿನಲ್ಲಿ ನಿಮ್ಮ ಕಣ್ಣು ಹುಡುಕುವುದು ಅದನ್ನೇ. ಹಳೆ ಮನೆಗೆ ಹೊಸ ಸುಣ್ಣ ಬಳಿದರು, ಮುಂಬಾಗಿಲು ಕಿತ್ತು ಹಿತ್ತಲಿಗೆ ಇಡಲಿಲ್ಲ. ಆದರೂ ಗೊಣಗಾಟ ತಪ್ಪಲಿಲ್ಲ. ನೀಲಿ ಬಣ್ಣದ ಫೈರ್‌ಫಾಕ್ಸ್ ಅಂತ ಕೆಲವರು ಮೂಗು ಮುರಿದರು. ಎರಡೂ ಒಂದೇ ಕೈಯಿಂದ ಹುಟ್ಟಿದ ಅಣ್ಣತಮ್ಮಂದಿರು ಮಾರಾಯ್ರೆ, ಹೋಲದೆ ಇರುತ್ತಾವಾ?

ಥಂಡರ್‌ಬರ್ಡ್‌ನವರದ್ದೇ ಇನ್ನೊಂದು ಜಾಣತನ ಇದೆ. ಆಂಡ್ರಾಯ್ಡಿನಲ್ಲಿ ಕೆ-9 ಮೇಲ್ ಅಂತ ಹಳೆಯ ಓಪನ್ ಸೋರ್ಸ್ ಆ್ಯಪ್ ಇತ್ತು. ಕೆಂಪು ರೋಬೋಟ್ ನಾಯಿಯ ಐಕಾನ್. 2022ರಲ್ಲಿ ಅದು ಥಂಡರ್‌ಬರ್ಡ್ ಕುಟುಂಬ ಸೇರಿತು, 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಥಂಡರ್‌ಬರ್ಡ್ ಬಂತು. ಅಲ್ಲಿಗೆ ನಾಯಿಯನ್ನು ಓಡಿಸಬಹುದಿತ್ತು. ಓಡಿಸಲಿಲ್ಲ. ಕೆ-9 ಈಗಲೂ ಬೇರೆ ಆ್ಯಪ್ ಆಗಿ ಸಿಗುತ್ತದೆ. ಒಳಗಿನ ಕೋಡ್ ಒಂದೇ, ಹೊರಗೆ ಮಾತ್ರ ಒಂದಕ್ಕೆ ಹಕ್ಕಿ, ಒಂದಕ್ಕೆ ನಾಯಿ. ಬರೀ ಐಕಾನ್ ಮತ್ತು ಹೆಸರಿಗೋಸ್ಕರ ಎರಡೆರಡು ಬಿಲ್ಡ್ ಮಾಡುವುದು ದಂಡದ ಕೆಲಸ ಅಂತ ಮ್ಯಾನೇಜರ್ ಯಾರಾದರೂ ಹೇಳಬಹುದು. ವರ್ಷಗಟ್ಟಲೆ ಆ ನಾಯಿಯನ್ನು ಒತ್ತಿ ಮೇಲ್ ತೆರೆದವರು ಹಾಗೆ ಹೇಳುವುದಿಲ್ಲ.

ಇದಕ್ಕೆ ಪಕ್ಕದಲ್ಲೇ ಫೈರ್‌ಫಾಕ್ಸ್ ಕಥೆ. 2019ರಲ್ಲಿ ಫೈರ್‌ಫಾಕ್ಸ್ ಹೆಸರಿನ ಎಲ್ಲ ಸೇವೆಗಳಿಗೂ ಸೇರಿ ಒಂದು ಲೋಗೊ ಮಾಡಿದರು, ಅದರಲ್ಲಿ ನರಿ ಇರಲಿಲ್ಲ. ಬ್ರೌಸರಿನ ಐಕಾನಿನಲ್ಲಿ ನರಿ ಹಾಗೇ ಇತ್ತು. ಯಾರು ಕೇಳುತ್ತಾರೆ? ನರಿಯನ್ನು ಕೊಂದರು ಅಂತ ಮೀಮ್ ಓಡಾಡಿತು. ಕೊನೆಗೆ 2021ರಲ್ಲಿ ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದವರೇ, ಗಾಬರಿ ಬೇಡ, ನರಿ ಎಲ್ಲೂ ಹೋಗಿಲ್ಲ ಅಂತ ಬರೆಯಬೇಕಾಯಿತು.

ಇನ್ನು ಬಿಡಿಸುವ ಕೆಲಸ. ಐಕಾನ್ ನೋಡುವವರು ದೊಡ್ಡ ಚಿತ್ರ ನೋಡಿ ಲೈಕ್ ಒತ್ತುತ್ತಾರೆ. ನಿಜವಾದ ಕಷ್ಟ 16 ಪಿಕ್ಸೆಲ್‌ನಲ್ಲಿ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ತೆರೆದು 16ಕ್ಕೆ 16ರ ಕ್ಯಾನ್‌ವಾಸ್ ಮಾಡಿ, ಒಂದು ಪಿಕ್ಸೆಲ್ ದಪ್ಪದ ನೇರ ಗೆರೆಯನ್ನು ಸರಿಯಾಗಿ 4ನೇ ಗುರುತಿನ ಮೇಲೆ ಎಳೆಯಿರಿ. ಎಕ್ಸ್‌ಪೋರ್ಟ್ ಮಾಡಿದರೆ ಕಪ್ಪು ಗೆರೆ ಬರುವುದಿಲ್ಲ. ಎರಡು ಪಿಕ್ಸೆಲ್ ಅಗಲದ ಬೂದು ಪಟ್ಟಿ ಬರುತ್ತದೆ. ಯಾಕೆಂದರೆ ಗೆರೆಯ ಅರ್ಧ ಆ ಕಡೆಯ ಪಿಕ್ಸೆಲ್‌ಗೆ, ಅರ್ಧ ಈ ಕಡೆಯ ಪಿಕ್ಸೆಲ್‌ಗೆ ಹಂಚಿಹೋಯಿತು. ಅದನ್ನು ಅರ್ಧ ಪಿಕ್ಸೆಲ್ ಸರಿಸಿ 4.5ಕ್ಕೆ ತನ್ನಿ, ಗೆರೆ ಚಾಕುವಿನಲ್ಲಿ ಕೊಯ್ದಂತೆ ಚೂಪಾಗುತ್ತದೆ. ಪ್ರತಿ ಗೆರೆಗೂ ಇದನ್ನೇ ಮಾಡಬೇಕು. ಗೆರೆ ಓರೆಯಾಗಿದ್ದರೆ ಅದೂ ಕೈಕೊಡುತ್ತದೆ, ಅಲ್ಲಿ ಚಿತ್ರವನ್ನೇ ಬದಲಿಸಬೇಕು.

ಹಿಂದೆಲ್ಲ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿಗೆ ಐಕಾನ್ ಅಂದರೆ ಒಂದೇ ಚಿತ್ರವನ್ನು 16, 22, 32, 48 ಅಂತ ಬೇರೆ ಬೇರೆ ಅಳತೆಗೆ ಬೇರೆ ಬೇರೆಯಾಗಿ ಬಿಡಿಸಬೇಕಿತ್ತು. ಬೆನ್ನು ಮುರಿಯುವ ಕೆಲಸ. ಹೀಗಾಗಿ ಚಿಕ್ಕ ಆ್ಯಪ್‌ಗಳಿಗೆ ಒಳ್ಳೆಯ ಐಕಾನ್ ಬಿಡಿಸಿಕೊಡುವವರೇ ಸಿಗುತ್ತಿರಲಿಲ್ಲ. 2019ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 3.32ರ ಹೊತ್ತಿಗೆ ಯಾಕುಬ್ ಸ್ಟೈನರ್, ಟೋಬಿಯಾಸ್ ಬರ್ನಾರ್ಡ್, ಸ್ಯಾಮ್ ಹ್ಯೂಯಿಟ್ ಮತ್ತಿತರರು ಸೇರಿ ಪದ್ಧತಿಯನ್ನೇ ಬದಲಿಸಿದರು. 128 ಪಿಕ್ಸೆಲ್‌ನ ಒಂದು ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ, ಗೆರೆ ತಿದ್ದಬಹುದಾದ ಚಿತ್ರದ ಫೈಲ್), ಜೊತೆಗೆ 16 ಪಿಕ್ಸೆಲ್‌ನ ಒಂದು ಒಂಟಿ ಬಣ್ಣದ ಗುರುತು. ಅಷ್ಟೇ. ಸರಳ ಆಕಾರ, ಕಡಿಮೆ ನೆರಳು, ಎಲ್ಲರಿಗೂ ಒಂದೇ ಬಣ್ಣದ ಪಟ್ಟಿ. ಬಿಡಿಸಿದ್ದು ಬೇರೆ ಐಕಾನ್‌ಗಳ ಪಕ್ಕ ಹೇಗೆ ಕಾಣುತ್ತದೆ ಅಂತ ನೋಡಲು ಆ್ಯಪ್ ಐಕಾನ್ ಪ್ರಿವ್ಯೂ ಅನ್ನುವ ಪುಟ್ಟ ಸಾಧನ. ಪರೀಕ್ಷಾ ಆವೃತ್ತಿಗೆ ಬೇಕಾದ ಓರೆ ಪಟ್ಟೆ ಹಾಕಿದ ಐಕಾನನ್ನೂ ಅದೇ ತಯಾರಿಸಿಕೊಡುತ್ತದೆ. ಡಿಸೈನರ್ ಇಲ್ಲದ ಪ್ರಾಜೆಕ್ಟಿನವರು ನಮಗೊಂದು ಐಕಾನ್ ಬೇಕು ಅಂತ ಅರ್ಜಿ ಹಾಕುವುದಕ್ಕೂ ಒಂದು ಜಾಗ ಮಾಡಿದರು. ಒಂದೊಂದು ಐಕಾನನ್ನೂ ಚೆಂದ ಮಾಡುತ್ತಾ ಕೂರುವುದಕ್ಕಿಂತ ಇದು ದೊಡ್ಡ ಕೆಲಸ ಅಂತ ನನಗನಿಸುತ್ತದೆ.

ಫೋನಿನ ಕಡೆ ಪಜೀತಿ ಬೇರೆ. ಆಂಡ್ರಾಯ್ಡ್ 8ರಿಂದ ಐಕಾನಿನ ಆಕಾರ ನಿಮ್ಮ ಕೈಯಲ್ಲಿಲ್ಲ. ನೀವು 108 ಡಿಪಿ (ಆಂಡ್ರಾಯ್ಡಿನ ಅಳತೆ) ಅಗಲಕ್ಕೆ ಬಿಡಿಸುತ್ತೀರಿ, ಕಾಣುವುದು 72, ಎಲ್ಲ ಫೋನಿನಲ್ಲೂ ಕತ್ತರಿ ಬೀಳದೆ ಉಳಿಯುವುದು ನಡುವಿನ 66. ಒಂದು ಫೋನಿನಲ್ಲಿ ದುಂಡಗೆ, ಇನ್ನೊಂದರಲ್ಲಿ ಚೌಕ. ಆಂಡ್ರಾಯ್ಡ್ 13ರಲ್ಲಿ ಬಣ್ಣವನ್ನೂ ಕಿತ್ತುಕೊಳ್ಳುವ ಆಯ್ಕೆ ಬಂತು, ವಾಲ್‌ಪೇಪರ್ ಯಾವ ಬಣ್ಣವೋ ಐಕಾನೂ ಅದೇ ಬಣ್ಣ. ಆಪಲ್‌ನವರು 2025ರ ಮ್ಯಾಕ್‌ಒಎಸ್‌ನಲ್ಲಿ ತಮ್ಮ ಉರುಟು ಮೂಲೆಯ ಚೌಕಕ್ಕೆ ಹೊಂದದ ಐಕಾನ್‌ಗಳನ್ನು ಕುಗ್ಗಿಸಿ ಬೂದು ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದಾರೆ. ಆಕಾರವೂ ಹೋಗಿ ಬಣ್ಣವೂ ಹೋದ ಮೇಲೆ ಗುರುತಿಗೆ ಉಳಿಯುವುದು ಒಳಗಿನ ರೇಖೆ ಮಾತ್ರ.

ನಮ್ಮ ಕನ್ನಡದ ಆ್ಯಪ್‌ಗಳಿಗೆ ಇದರ ಬಿಸಿ ಜಾಸ್ತಿ ತಟ್ಟುತ್ತದೆ. ಕೀಬೋರ್ಡ್ ಇರಲಿ, ನಿಘಂಟು ಇರಲಿ, ಹಳದಿ-ಕೆಂಪು ಹಿನ್ನೆಲೆ, ನಡುವೆ ಒಂದು "ಕ" ಅಥವಾ "ಅ". ಪ್ರೀತಿಯಿಂದ ಮಾಡಿದ್ದು, ಒಪ್ಪೋಣ. ಅಂಥ ಮೂರು ಆ್ಯಪ್ ಫೋನಿನಲ್ಲಿದ್ದರೆ ಯಾವುದು ಯಾವುದು ಅಂತ ಒತ್ತಿಯೇ ನೋಡಬೇಕು. ಅಳತೆ ಚಿಕ್ಕದಾದಾಗ "ಕ"ದ ತಲಕಟ್ಟು ಕೆಳಗಿನ ಗೆರೆಗೆ ಅಂಟಿಕೊಂಡು ಒಂದು ಉಂಡೆಯಾಗುತ್ತದೆ. ಅಕ್ಷರವೇ ಬೇಕೆಂದರೆ ಫಾಂಟಿನಿಂದ ಎತ್ತಿ ಇಡಬೇಡಿ. ತಲಕಟ್ಟಿನ ಕೆಳಗೆ ಗಾಳಿಯಾಡುವಷ್ಟು ಜಾಗ ಬಿಟ್ಟು ಕೈಯಲ್ಲೇ ಹೊಸದಾಗಿ ಬಿಡಿಸಿ.

ಈಗ ಮತದಾನದ ವಿಷಯ. ಸಮುದಾಯದ ಪ್ರಾಜೆಕ್ಟ್ ಅಲ್ವಾ, ಐಕಾನಿಗೂ ಓಟ್ ಹಾಕಿಸೋಣ ಅನ್ನುತ್ತಾರೆ. ನಾನು ಇದಕ್ಕೆ ಪೂರಾ ವಿರೋಧಿ. ಓಟಿನಲ್ಲಿ ಗೆಲ್ಲುವುದು ದೊಡ್ಡ ಅಳತೆಯಲ್ಲಿ ಚೆಂದ ಕಾಣುವ ಚಿತ್ರ, ಅಥವಾ ಯಾರಿಗೂ ಬೇಜಾರಾಗದ ಸಪ್ಪೆ ಚಿತ್ರ. ಸ್ಪರ್ಧೆ ಇಟ್ಟರೆ ಇನ್ನೂ ಕಷ್ಟ. ಹತ್ತಾರು ಜನ ಬಿಟ್ಟಿ ದುಡಿಯುತ್ತಾರೆ, ಒಬ್ಬರದ್ದು ಆಯ್ಕೆಯಾಗುತ್ತದೆ, ಉಳಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಗೆದ್ದವರೂ ಗೆರೆ ತಿದ್ದಲಾಗದ ಒಂದು ಪಿಎನ್‌ಜಿ ಚಿತ್ರ ಕೊಟ್ಟು ಮಾಯ. ಮುಂದಿನ ವರ್ಷ ಬೇರೆ ಅಳತೆ ಬೇಕಾದಾಗ ಮೂಲ ಫೈಲ್ ಎಲ್ಲಿ? ಎಐ ಕೈಯಲ್ಲಿ ಮಾಡಿಸಿದ ಐಕಾನ್‌ಗಳದ್ದೂ ಬಹುಪಾಲು ಇದೇ ಗೋಳು. ನೋಡುವುದಕ್ಕೆ ಮಿರಿಮಿರಿ, ತಿದ್ದಲು ಹೋದರೆ ಒಳಗೆ ಒಂದು ಗೆರೆಯೂ ಕೈಗೆ ಸಿಗುವುದಿಲ್ಲ. ಸಲಹೆ ಎಲ್ಲರಿಂದ ಕೇಳಿ. ತೀರ್ಮಾನ ಇಬ್ಬರು ಮಾಡಲಿ, ಒಬ್ಬರು ಬಿಡಿಸುವವರು, ಒಬ್ಬರು ಆ್ಯಪ್ ನೋಡಿಕೊಳ್ಳುವವರು.

ಲೈಸೆನ್ಸ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಡೆಬಿಯನ್‌ನವರನ್ನು ಕೇಳಿ. ಅದೊಂದು ಡಿಸ್ಟ್ರೋ, ಅಂದರೆ ಲಿನಕ್ಸನ್ನೂ ಆ್ಯಪ್‌ಗಳನ್ನೂ ಒಟ್ಟಿಗೆ ಕಟ್ಟಿ ಹಂಚುವ ಪ್ರಾಜೆಕ್ಟ್. ಫೈರ್‌ಫಾಕ್ಸ್ ಕೋಡ್ ಮುಕ್ತ, ಲೋಗೊ ಮುಕ್ತ ಅಲ್ಲ. ಹಾಗಾಗಿ ಡೆಬಿಯನ್‌ನವರು ಲೋಗೊ ಬಿಟ್ಟು ಹೆಸರು ಮಾತ್ರ ಇಟ್ಟುಕೊಂಡಿದ್ದರು. ಎರಡೂ ಒಟ್ಟಿಗೆ ಇರಬೇಕು ಅಂತ ಮೊಝಿಲ್ಲಾ ಪಟ್ಟು ಹಿಡಿಯಿತು. 2006ರಲ್ಲಿ ಡೆಬಿಯನ್ ಹೆಸರನ್ನೇ ಐಸ್‌ವೀಸಲ್ ಅಂತ ಬದಲಿಸಿತು, ಐಕಾನೂ ಬೇರೆ. ಥಂಡರ್‌ಬರ್ಡ್ ಐಸ್‌ಡವ್ ಆಯಿತು. ಫೈರ್‌ಫಾಕ್ಸ್ ತನ್ನ ಹೆಸರಿನಲ್ಲಿ ವಾಪಸ್ ಬಂದದ್ದು 2016ರಲ್ಲಿ. ಒಂದು ಪುಟ್ಟ ಚಿತ್ರದ ಹಕ್ಕಿನಿಂದ ಶುರುವಾದ ತಗಾದೆ ಹತ್ತು ವರ್ಷ ಎಳೆಯಿತು.

ಇಷ್ಟೆಲ್ಲ ಮಾಡಿ ಕೊನೆಗೆ ಬಳಸುವವರು ಪಪಿರಸ್ ಥರದ ಐಕಾನ್ ಥೀಮ್ ಹಾಕಿಕೊಂಡಿದ್ದರೆ, ನಿಮ್ಮ ಹೊಸ ಐಕಾನ್ ಅವರಿಗೆ ಕಾಣುವುದೇ ಇಲ್ಲ. ಥೀಮ್ ಮಾಡಿದವರು ಬಿಡಿಸಿದ ಇನ್ನೊಂದು ಕಾಣುತ್ತದೆ. ಗ್ನೋಮ್ ಕಡೆಯ ಕೆಲವು ಡೆವಲಪರ್‌ಗಳು 2019ರಲ್ಲಿ ಇದರ ವಿರುದ್ಧ ಬಹಿರಂಗ ಪತ್ರವನ್ನೇ ಬರೆದರು. ನಮ್ಮ ಆ್ಯಪ್‌ಗಳ ಮುಖ ಬದಲಿಸಬೇಡಿ ಅಂತ ಡಿಸ್ಟ್ರೋಗಳಿಗೆ ಅವರ ಕೋರಿಕೆ. ಅದರಲ್ಲಿ ನಾನು ಅರ್ಧ ಅವರ ಕಡೆ. ಡಿಸ್ಟ್ರೋ ತಾನಾಗಿ ಬದಲಿಸುವುದು ಸರಿಯಲ್ಲ. ಬಳಸುವವರು ತಮ್ಮ ಯಂತ್ರದಲ್ಲಿ ತಮಗೆ ಬೇಕಾದ್ದು ಹಾಕಿಕೊಂಡರೆ ಕೇಳಲು ನಾವ್ಯಾರು?

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದರೆ, ಗೆಳೆಯರೊಬ್ಬರು ಮನೆ ಖರ್ಚಿನ ಲೆಕ್ಕ ಇಡುವ ಓಪನ್ ಸೋರ್ಸ್ ಆ್ಯಪ್ ನಡೆಸುತ್ತಾರೆ. ಅದರ ಐಕಾನ್ ಹಸಿರು ಬಣ್ಣದ ಲೆಕ್ಕದ ಪುಸ್ತಕ, ಮೇಲೊಂದು ರೂಪಾಯಿ ಚಿಹ್ನೆ, ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು. "ಮಾಡರ್ನ್ ಮಾಡಿಕೊಡು" ಅಂದರು. ಹೆಸರು ತೆಗೆಯೋಣ, ಹಸಿರನ್ನೂ ಪುಸ್ತಕವನ್ನೂ ಮುಟ್ಟುವುದು ಬೇಡ ಅಂದೆ. ಸ್ಪರ್ಧೆ ಇಡುವ ಯೋಚನೆ ಇತ್ತಂತೆ, ಅದನ್ನು ಕೈಬಿಡುವಂತೆ ಮಾಡಿದ್ದೇನೆ. ಎಸ್‌ವಿಜಿ ಕೋಡಿನ ಜೊತೆಯಲ್ಲೇ ಇರುತ್ತದೆ, ಕೋಡಿಗೆ ಯಾವ ಲೈಸೆನ್ಸೋ ಅದಕ್ಕೂ ಅದೇ. ಸದ್ಯಕ್ಕೆ ಹಳೆಯ ಐಕಾನನ್ನೇ 16 ಪಿಕ್ಸೆಲ್‌ಗೆ ಇಳಿಸಿ ಕಳಿಸು, ಏನು ಉಳಿಯುತ್ತದೆ ನೋಡೋಣ ಅಂತ ಹೇಳಿದ್ದೇನೆ. ರೂಪಾಯಿ ಚಿಹ್ನೆಯ ಎರಡು ಅಡ್ಡಗೆರೆ ಒಂದಾಗಿ ಕಲಸಿಹೋಗುತ್ತದೆ ಅಂತ ನನ್ನ ಅನುಮಾನ. ಹಾಗಾದರೆ ಅದನ್ನು ಪುಸ್ತಕದ ಅಗಲಕ್ಕೆ ಹಿಗ್ಗಿಸಬೇಕು, ಇಲ್ಲವೇ ಚಿಕ್ಕ ಅಳತೆಯಲ್ಲಿ ಬಿಟ್ಟೇಬಿಡಬೇಕು.