ಕೋಲಿಗೆ 60,000, ಕಾಯ್ದೆಗೆ 500

‘ಉಳ್ಳೇರಹಳ್ಳಿ ವಿಷಯ ಮತ್ತೆ ಯಾಕೆ ಎತ್ತುತ್ತೀರಿ ಸ್ವಾಮಿ, ಭಾವನೆಗೆ ಧಕ್ಕೆ ಆಗುತ್ತೆ’ ಅಂದರು ಪರಿಚಯದವರೊಬ್ಬರು. ಭಾವನೆ ಅಂದರೆ ಅವರದೇ ಇರಬೇಕು, ಬೇರೆಯವರಿಗೆ ಎಲ್ಲಿಂದ ಬರಬೇಕು!

ನಮ್ಮ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಆ ಊರಲ್ಲಿ 2022ರ ಉತ್ಸವದಲ್ಲಿ ದಲಿತ ಹುಡುಗ ದೇವರ ಗುಜ್ಜುಕೋಲು, ಅಂದರೆ ಮೂರ್ತಿಗೆ ಕಟ್ಟಿದ ಕೋಲು, ಮುಟ್ಟಿದ. ಮನೆಯವರಿಗೆ ಊರಿನ ಹಿರಿಯರಿಂದ 60,000 ರೂಪಾಯಿ ದಂಡ. ಲೆಕ್ಕ ಹಾಕಿದವರನ್ನು ಮೆಚ್ಚಲೇಬೇಕು. ಶುದ್ಧಿಗೆ ಇಷ್ಟು, ಬಣ್ಣಕ್ಕೆ ಇಷ್ಟು ಅಂತ ಎಸ್ಟಿಮೇಟ್ ಮಾಡಿದ್ದರೋ ಏನೋ. ಜಿಎಸ್‌ಟಿ ಸೇರಿತ್ತಾ? ರಸೀದಿ ಕೊಡುತ್ತಿದ್ದರಾ?

ಇಷ್ಟು ಧೈರ್ಯ ಸರ್ಕಾರಕ್ಕೂ ಇಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ತೆಗೆದು ನೋಡಿ. ಅಸ್ಪೃಶ್ಯತೆ ಅಂತ ಗುಡಿಯ ಬಾಗಿಲಲ್ಲಿ ತಡೆದವನಿಗೆ ಆರು ತಿಂಗಳವರೆಗೆ ಜೈಲು, ಜೊತೆಗೆ ದಂಡ ಹೆಚ್ಚೆಂದರೆ 500 ರೂಪಾಯಿ. 1989ರ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಬಿಗಿ. ಕೇಸ್ ನಿಲ್ಲಬೇಕಷ್ಟೆ.

ಅಂದಹಾಗೆ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಬೇಡಿಕೊಂಡರೆ ಚೇಳು ಕಚ್ಚಲ್ಲ ಅನ್ನೋ ನಂಬಿಕೆ. ನನಗೆ ಬಲು ಇಷ್ಟದ ದೇವರು. ಕೊಂಡಿ ಎತ್ತಿಕೊಂಡು ಓಡಾಡೋ ಚೇಳಿಗೂ ನಮ್ಮ ಜಿಲ್ಲೆ ಗುಡಿಯೊಳಗೆ ಮರ್ಯಾದೆ ಕೊಟ್ಟಿದೆ. ಸ್ಕೂಲ್ ಹುಡುಗನ ಬೆರಳು ಅದಕ್ಕಿಂತ ವಿಷ ಅಂತ ಯಾರು ಟೆಸ್ಟ್ ಮಾಡಿದರು?

ಹೀಗೆ ಕೇಳಿದರೆ ಧಾರ್ಮಿಕ ಸ್ವಾತಂತ್ರ್ಯ, 25ನೇ ವಿಧಿ ಅಂತಾರೆ. ಅದು ನನಗೂ ಬೇಕು ಕಣ್ರೀ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಅದೇ ಭಾಗದ ಉಳಿದ ವಿಧಿಗಳಿಗೆ ಒಳಪಟ್ಟು ಅಂತ ಅದರ ಶುರುವಿನಲ್ಲೇ ಇದೆ. ಅಸ್ಪೃಶ್ಯತೆ ರದ್ದು ಮಾಡಿದ 17ನೇ ವಿಧಿಯೂ ಅದೇ ಭಾಗದಲ್ಲಿದೆ. ಮತ್ತೆ, ಆ ಹುಡುಗನೂ ಉತ್ಸವಕ್ಕೇ ಬಂದವನು ಅಲ್ವಾ? ಅವನಿಗೆ 25ನೇ ವಿಧಿ ಇಲ್ವಾ?

ಟೀಕೆ ಮಾಡಿದವನಿಗೆ ಬೇರೆ ಮದ್ದಿದೆ. ಬ್ರಿಟಿಷರು 1927ರಲ್ಲಿ ದಂಡ ಸಂಹಿತೆಗೆ ತಂದ 295ಎ ಸೆಕ್ಷನ್, ಈಗ ನ್ಯಾಯ ಸಂಹಿತೆಯ 299. ಮೂರು ವರ್ಷದವರೆಗೆ ಜೈಲು. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮಾತ್ರ ಅಂತ ಅದರಲ್ಲೇ ಬರೆದಿದೆ. ವಾಟ್ಸಾಪ್ ಗ್ರೂಪಿನವರು ಅಲ್ಲಿವರೆಗೆ ಓದೋದಿಲ್ಲ.

ಸಾಕಾಗಿಹೋಗಿದೆ. ದಂಡ ಕಟ್ಟದಿದ್ದರೆ ಊರು ಬಿಡಿ ಅಂದರಲ್ಲ, ಆಗ ಆ ಹುಡುಗನ ತಾಯಿಗೆ ಆದದ್ದು ಏನು? ಅದಕ್ಕೆ ಧಕ್ಕೆ ಅನ್ನಲ್ವಾ? ಒಬ್ಬರಾದರೂ ‘ಇದು ತಪ್ಪು’ ಅಂತ ಅಲ್ಲೇ ಎದ್ದು ನಿಂತಿದ್ದರೆ ನಾನು ಇದನ್ನು ಬರೆಯೋ ಕೆಲಸವೇ ಇರಲಿಲ್ಲ.

ಆ ಮನೆಯವರು ದೇವರ ಫೋಟೋ ಇಳಿಸಿ ಅಂಬೇಡ್ಕರ್ ಫೋಟೋ ಹಾಕಿಕೊಂಡರು. ಒಂದಿಡೀ ಮನೆಯ ಭಕ್ತರು ಕೈಬಿಟ್ಟುಹೋದರು. ಈ ನಷ್ಟಕ್ಕೆ ದೇವರು ಯಾರಿಗೆ ದಂಡ ಹಾಕಬೇಕು?