ಕ್ಯಾಲೆಂಡರಿನಲ್ಲಿ ಜಿಮ್ಮಿ

ನಮ್ಮನೆ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಅಮ್ಮನದ್ದೊಂದು ಸಂಸಾರ, ನನ್ನದೊಂದು. ಹಾಲು ಬರದ ದಿನಕ್ಕೆ ಅವಳು ಸೊನ್ನೆ ಸುತ್ತುತ್ತಾಳೆ, ಗ್ಯಾಸ್ ಬಂದ ದಿನ ಗುರುತು ಹಾಕುತ್ತಾಳೆ. ಉಳಿದ ಸಂದಿಯಲ್ಲಿ ನಾನು ಕೆಂಪು ಪೆನ್ನಿನಿಂದ ರಾಕ್ ಸಂಗೀತದವರ ಹುಟ್ಟುಹಬ್ಬ ತುರುಕುತ್ತೇನೆ. ಜನವರಿ 8ಕ್ಕೆ ಇಬ್ಬರು: 1935ರ ಎಲ್ವಿಸ್ ಪ್ರೀಸ್ಲಿ, 1947ರ ಡೇವಿಡ್ ಬೋವಿ. ಅವತ್ತು ಹಾಸನದ ಚಳಿಗೆ ಮಂಕಿ ಟೋಪಿ ತೆಗೆಯೋಕಾಗಲ್ಲ, ಇಯರ್‌ಫೋನನ್ನು ಟೋಪಿ ಒಳಗೇ ತೂರಿಸಿಕೊಂಡು ಇಬ್ಬರದ್ದೂ ಒಂದೊಂದು ಹಾಡು ಕೇಳುತ್ತಾ ಹಾಲು ತರೋಕೆ ಹೋಗುತ್ತೇನೆ. ಆಚರಣೆ ಅಂದ್ರೆ ಇಷ್ಟೇ.

ಒಂದು ಸಲ ಮಾತ್ರ ಹುಮ್ಮಸ್ಸು ಜಾಸ್ತಿಯಾಯಿತು. ನವೆಂಬರ್ 27, ಜಿಮಿ ಹೆಂಡ್ರಿಕ್ಸ್ ಹುಟ್ಟಿದ ದಿನ. ಊರೂರಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ನಮ್ಮ ಜಿಲ್ಲೆಯವರೇ ಎಷ್ಟೊಂದು ಜನ, ನಮಗೆ ಕೇಕಿಗೆ ಬರವಾ? ಅರ್ಧ ಕೇಜಿ ಹೇಳಿದೆ. ಹುಡುಗ ಕಾಗದ ಸುತ್ತಿ, ಕ್ರೀಮ್ ತುಂಬಿ, ತುದಿ ಕತ್ತರಿಸಿಕೊಂಡು, "ಹೆಸರು ಏನ್ ಬರೀಲಿ ಸಾರ್?" ಅಂದ.

"ಜಿಮಿ."

ಅವನ ಕೈ ಕೇಕಿನ ಮೇಲೆ ಹಾಗೇ ನಿಂತಿತು. "ನಾಯಿದಾ ಸಾರ್?"

ಅವನದ್ದೇನೂ ತಪ್ಪಿಲ್ಲ. ನಮ್ಮ ಬೀದಿಯಲ್ಲೇ ಎರಡು ಜಿಮ್ಮಿಗಳಿವೆ, ಒಂದು ಕಚ್ಚುತ್ತದೆ ಕೂಡ. "ಅಲ್ಲಪ್ಪ, ಗಿಟಾರ್ ನುಡಿಸ್ತಿದ್ರು" ಅಂದೆ. "ಎಷ್ಟನೇದು?" ಅಂತ ಕೇಳಿದ. "ಇಪ್ಪತ್ತೇಳಕ್ಕೇ ಹೋಗ್ಬಿಟ್ರು, 1970ರಲ್ಲಿ" ಅಂದೆ. ಹುಡುಗ ಮತ್ತೇನೂ ಕೇಳಲಿಲ್ಲ. ಮೂಲೆಯಲ್ಲಿ ಒಂದು ಕ್ರೀಮ್ ಗುಲಾಬಿ ಜಾಸ್ತಿ ಹಾಕಿ ಕೊಟ್ಟ.

ಮನೆಗೆ ತಂದರೆ ಅಮ್ಮನ ತಕರಾರು. "ಸತ್ತೋರಿಗೆ ಯಾರಾದ್ರೂ ಕೇಕ್ ಕತ್ತರಿಸ್ತಾರೇನೋ? ಎಡೆ ಇಡ್ತಾರೆ." ಹೀಗಂದವಳು ಎರಡು ಪೀಸ್ ತಿಂದಳು.

ತಾರೀಖು ಅಂದ್ರೆ ಅವಳಿಗೆ ಮೊದಲಿಂದ ನಂಬಿಕೆ ಕಮ್ಮಿ. ಆಧಾರ್‌ನಲ್ಲಿ ಅವಳು ಹುಟ್ಟಿದ್ದು ಜೂನ್ 1. ಅದು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ಮನೆಯವರ ಲೆಕ್ಕದಲ್ಲಿ ಗೌರಿಹಬ್ಬ ಕಳೆದ ನಾಲ್ಕನೇ ದಿನ, ಸಂಜೆ ದನ ಬರೋ ಹೊತ್ತು. ಅದಕ್ಕೇ ಇರಬೇಕು, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕಥೆ ಅವಳಿಗೆ ಹಿಡಿಸಿತು. ಆತ ಎಷ್ಟೋ ವರ್ಷ ಫೆಬ್ರವರಿ 25ಕ್ಕೆ ಹುಟ್ಟುಹಬ್ಬ ಮಾಡಿಕೊಂಡು, ಆಮೇಲೆ ಒಂದಿನ, ಇಲ್ಲ ನಾನು 24ರ ರಾತ್ರಿ ಹನ್ನೆರಡಕ್ಕೆ ಮುಂಚೆ ಹುಟ್ಟಿದ್ದು ಅಂದನಂತೆ. ಇಳಯರಾಜ ಹುಟ್ಟಿದ್ದು ಜೂನ್ 3, ಆದರೆ ಆ ದಿನ ಕರುಣಾನಿಧಿಯವರದ್ದು ಅಂತ ಬಿಟ್ಟುಕೊಟ್ಟು 2ಕ್ಕೇ ಆಚರಿಸಿಕೊಳ್ಳುತ್ತಾರೆ. "ನೋಡು, ದೊಡ್ಡೋರ ಮನೇಲೂ ಹಿಂಗೇ" ಅಂತ ಅಮ್ಮನಿಗೆ ಒಳಗೊಳಗೇ ಖುಷಿ.

ಜಾಗದ ಜಗಳದಲ್ಲಿ ಮಾತ್ರ ನಾನೇ ಸೋಲುವುದು. ಜಾನ್ ಲೆನನ್‌ದು ಅಕ್ಟೋಬರ್ 9. 2025ರಲ್ಲಿ ಹಾಸನಾಂಬೆ ಬಾಗಿಲು ತೆಗೆದದ್ದೂ ಅವತ್ತೇ. ವರ್ಷಕ್ಕೊಂದು ಸಲ ದರ್ಶನ ಕೊಡೋ ದೇವಿ, ಊರು ತುಂಬ ನೆಂಟರು. ಆ ಚೌಕದಲ್ಲಿ ಅಮ್ಮ ಯಾರ್ಯಾರು ಯಾವ ಬಸ್ಸಿಗೆ ಬರ್ತಾರೆ ಅಂತ ಬರೆದಿಟ್ಟಿದ್ದಳು. ಲೆನನ್ ಪಾಪ 10ನೇ ತಾರೀಖಿಗೆ ಸರಿದುಕೊಂಡ.

ವರ್ಷದ ಕೊನೆ ಹೆಸರು ರಾಕ್‌ನವರದ್ದಲ್ಲ. ಡಿಸೆಂಬರ್ 29, ಸಿ. ಅಶ್ವತ್ಥ್. ನಮ್ಮ ಚನ್ನರಾಯಪಟ್ಟಣದಲ್ಲೇ 1939ರಲ್ಲಿ ಹುಟ್ಟಿದವರು. ಹಾರ್ಮೋನಿಯಂ ಮುಂದೆ ಕೂತು ಎದೆ ಬಿಚ್ಚಿ ದನಿ ಎತ್ತಿದರೆ ಯಾವ ರಾಕ್‌ನವರಿಗೂ ಕಮ್ಮಿ ಇರಲಿಲ್ಲ ಅನ್ನೋದು ನನ್ನ ವಾದ. ತೀರಿಕೊಂಡಿದ್ದು 2009ರಲ್ಲಿ, ಅದೇ ಡಿಸೆಂಬರ್ 29ಕ್ಕೆ. ಸರಿಯಾಗಿ ಎಪ್ಪತ್ತು.

ಇದನ್ನು ಹೇಳಿದಾಗ ಅಮ್ಮ ಸೌಟು ಹಿಡಿದುಕೊಂಡೇ ಕ್ಯಾಲೆಂಡರ್ ಮುಂದೆ ಬಂದು ನಿಂತಳು. "ಹಂಗಾರೆ ಪಾಯಸ ಮಾಡ್ಲಾ, ಬೇಡ್ವಾ?"

ನನಗೂ ಗೊತ್ತಾಗಲಿಲ್ಲ. ಅವಳೇ ಒಂದು ಗಳಿಗೆ ಯೋಚಿಸಿದಳು. "ಕುವೆಂಪು ಅವರದ್ದೂ ಅವತ್ತೇ ಅಲ್ವಾ?" ಅಂದಳು. "ಅವರ ಹೆಸರಲ್ಲಿ ಮಾಡ್ತೀನಿ. ಇವರೂ ತಿನ್ಲಿ ಬಿಡು."