ಪಾಟಿ ಕೊಟ್ಟರು, ಬಳಪ ಕೊಡಲಿಲ್ಲ

ರವಿವಾರ ಬೆಟಗೇರಿಯ ತಂಗಿ ಮನೆಗೆ ಹೋಗಿದ್ದೆ. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಒಂಬತ್ತು ವರ್ಷದ ಸೊಸಿ ತನ್ನ ಹೊಸ ಟ್ಯಾಬ್ಲೆಟ್ ಹಿಡಕೊಂಡು ಬಂದು, "ಮಾಮಾ, ಇದರಾಗ ನಾ ಒಂದು ಆಟ ಮಾಡ್ಲೇನು?" ಅಂದಳು.

"ಆಡವಾ, ಯಾರು ಬ್ಯಾಡ ಅಂದಾರ?"

"ಆಡೂದಲ್ಲ ಮಾಮಾ, ಮಾಡೂದು. ನಂದ ಸ್ವಂತ ಆಟ."

ಒಂದು ತಾಸು ಗುದ್ದಾಡಿದೆ. ಪಾಠದ ವಿಡಿಯೊಗಳಿವೆ, ನಾಲ್ಕರಲ್ಲಿ ಒಂದು ಉತ್ತರ ಒತ್ತುವ ಪರೀಕ್ಷೆಗಳಿವೆ. ಬೇರೆ ಏನನ್ನೂ ಹಾಕಲು ಬರುವುದಿಲ್ಲ, ಕೀಲಿ ಜಡಿದಿದ್ದಾರೆ. ಮಾರಿದವರಿಗೆ ಫೋನ್ ಹಚ್ಚಿದರೆ, "ಮಕ್ಕಳು ದಾರಿ ತಪ್ಪಬಾರದಂತ ಲಾಕ್ ಮಾಡೀವ್ರಿ ಸರ್" ಅಂದರು. ಸ್ವಂತ ಆಟ ಕಟ್ಟುತ್ತೇನೆ ಅನ್ನುವ ಹುಡುಗಿ ದಾರಿ ತಪ್ಪಿದವಳೇನು? ತಂಗಿ ಇದಕ್ಕೆ ಇನ್ನೂ ಕಂತು ಕಟ್ಟುತ್ತಿದ್ದಾಳೆ.

ಕಂಪ್ಯೂಟರ್ ಕಲಿಸುವುದೇ ನನ್ನ ಹೊಟ್ಟೆಪಾಡು ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಇದು ನನಗೆ ಇನ್ನೂ ಜಾಸ್ತಿ ಚುಚ್ಚುತ್ತದೆ. 1972ರಲ್ಲಿ, ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ ಅಂತಲೇ ಜನ ತಿಳಿದಿದ್ದ ಕಾಲದಲ್ಲಿ, ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಅಲನ್ ಕೇ ಕೈಯಲ್ಲಿ ಹಿಡಿಯುವ ಒಂದು ಕಂಪ್ಯೂಟರಿನ ಕಲ್ಪನೆ ಕಟ್ಟಿ ಲೇಖನ ಬರೆದರು. ನೋಟ್‌ಬುಕ್ಕಿನ ಅಳತೆ, ಎರಡು ಕಿಲೋದೊಳಗಿನ ತೂಕ, ಬೆಲೆ 500 ಡಾಲರಿನ ಆಸುಪಾಸು. ಅದಕ್ಕೆ ಡೈನಾಬುಕ್ ಅಂತ ಹೆಸರಿಟ್ಟರು. ಸಾಹೇಬರಿಗಲ್ಲ, ಮಕ್ಕಳಿಗೆ. ಆ ಲೇಖನ ಶುರುವಾಗುವುದೇ ಜಿಮ್ಮಿ ಮತ್ತು ಬೆತ್ ಎಂಬ ಇಬ್ಬರು ಕಲ್ಪಿತ ಮಕ್ಕಳಿಂದ. ಹುಲ್ಲಿನ ಮೇಲೆ ಮಲಗಿ ಆಕಾಶನೌಕೆಗಳ ಯುದ್ಧದಾಟ ಆಡುತ್ತಾರೆ. ಆಮೇಲೆ ಆಟದೊಳಗೆ ಸೂರ್ಯನ ಸೆಳೆತವನ್ನೂ ಸೇರಿಸಬೇಕು ಅನ್ನಿಸಿ, ಅದು ಹೇಗೆ ಅಂತ ಹುಡುಕಲು ಹೊರಡುತ್ತಾರೆ. ಅವರ ವಯಸ್ಸೂ ಒಂಬತ್ತೇ! ನನ್ನ ಸೊಸಿ ಕೇಳಿದ್ದೂ ಇದನ್ನೇ.

ಮುಂದಿನದು ತೂಕ ಇಳಿಸಿದ ಕಥೆ. ಅದೇ ಜೆರಾಕ್ಸ್ ಪಾರ್ಕಿನ 1973ರ ಕಂಪ್ಯೂಟರ್ ಆಲ್ಟೊ ಮೇಜಿನ ಕೆಳಗೆ ಕೂರುವ ಪೆಟ್ಟಿಗೆಯಾಗಿತ್ತು. 1981ರ ಆಸ್ಬೋರ್ನ್ ಕೈಯಲ್ಲಿ ಒಯ್ಯಬಹುದು ಅಂತ ಮಾರಿದ ಯಂತ್ರ, ಹನ್ನೊಂದು ಕಿಲೋ. 2010ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿಯ ಐಪ್ಯಾಡ್ ಬಂತು, ಮುಕ್ಕಾಲು ಕಿಲೋಕ್ಕಿಂತ ಕಡಿಮೆ, ಆರಂಭದ ಬೆಲೆ 499 ಡಾಲರ್. ಅಳತೆಯೂ ಕೂಡಿತು, ಬೆಲೆಯ ಅಂಕಿಯೂ ಕೂಡಿತು. ಅದೇ ತಿಂಗಳು, ಮಕ್ಕಳು ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮ್ ಭಾಷೆಯಲ್ಲಿ ಕಟ್ಟಿದ ಆಟಗಳನ್ನು ಐಫೋನಿನಲ್ಲಿ ತೋರಿಸುತ್ತಿದ್ದ ಒಂದು ಆಪ್ ಅನ್ನು ಆಪಲ್ ತನ್ನ ಆಪ್ ಸ್ಟೋರ್‌ನಿಂದ ತೆಗೆದುಹಾಕಿತು. ಯಂತ್ರ ಕೈಗೆ ಬಂದ ಹೊತ್ತಿನಲ್ಲೇ ಮಗುವಿನ ಕೈ ಕಟ್ಟಿದರು. ನನ್ನ ಸಿಟ್ಟು ಇಷ್ಟೇ.

"ಎಲ್ಲಾರೂ ಪ್ರೋಗ್ರಾಮ್ ಬರೀಬೇಕೇನ್ರಿ? ಮೊಬೈಲ್‌ನಿಂದ ರೈತರಿಗೆ ಬ್ಯಾಡಗಿ ಪ್ಯಾಟಿಯ ಮೆಣಸಿನಕಾಯಿ ದರ ಸಿಗತೈತಿ, ಸಾಲದೇನು?" ಅಂತ ಗೆಳೆಯರೊಬ್ಬರು ಕೇಳಿದರು. ದರ ಸಿಗಲಿ, ಬೇಡ ಅಂದವರಾರು? ಆದರೆ ಎಲ್ಲರೂ ಕವಿಗಳಾಗುವುದಿಲ್ಲ ಅಂತ ಗೊತ್ತಿದ್ದೂ ನಾವು ಪ್ರತಿ ಮಗುವಿನ ಕೈಗೂ ಪಾಟಿ ಜೊತೆ ಬಳಪ ಕೊಡುತ್ತೇವೆ. ಈಗ ಕೊಟ್ಟಿರುವುದು ಬರೇ ಪಾಟಿ. ಬರೆಯುವವರು ಬೇರೆ ಎಲ್ಲೋ ಕೂತಿದ್ದಾರೆ, ನಮ್ಮ ಮಕ್ಕಳದು ನೋಡುವ ಕೆಲಸ.

ಅದೂ ಎಂಥ ಮನೆಯಲ್ಲಿ! ಈ ಹುಡುಗಿಯ ಅಜ್ಜ ಜೀವಮಾನವಿಡೀ ಮಗ್ಗದ ಮುಂದೆ ಕೂತವರು. ಮಗ್ಗಕ್ಕೆ ವಿನ್ಯಾಸ ಹೇಳುವ ಜಕಾರ್ಡ್ ಎಂಬ ಸಾಧನದ ರಟ್ಟುಗಳಲ್ಲಿ ತೂತು ಬದಲಾದರೆ ಸೀರೆಯ ಅಂಚಿನ ಹೂವು ಬದಲಾಗುತ್ತದೆ. ಅದೇ ತೂತಿನ ರಟ್ಟಿನ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜ್ ಹತ್ತೊಂಬತ್ತನೇ ಶತಮಾನದಲ್ಲೇ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತಂದುಕೊಂಡ. ಅಜ್ಜ ಯಂತ್ರಕ್ಕೆ ಹೂವು ಹೇಳಿಕೊಟ್ಟವರು. ಮೊಮ್ಮಗಳ ಯಂತ್ರ ಅವಳ ಒಂದು ಮಾತೂ ಕೇಳುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಆ ಟ್ಯಾಬ್ಲೆಟ್ ತಗೋ ಅಂತ ತಂಗಿಗೆ ಹೇಳಿದವನು ನಾನೇ. ಒಳಗೆ ಏನೈತಿ ಅಂತ ಒಮ್ಮೆಯೂ ತೆರೆದು ನೋಡಿರಲಿಲ್ಲ. ರವಿವಾರ ಅವಳ ಮುಖ ನೋಡಿ ಬಹಳ ಸಂಕಟ ಆಯಿತು.

ನಿನ್ನೆ ಸಂಜೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಲೋಗೋ ಹಾಕಿಕೊಂಡು ಮತ್ತೆ ಹೋದೆ. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಮಾಡಿದ ಭಾಷೆ ಅದು. ಮಕ್ಕಳು ಅದರಲ್ಲಿ ಕೆಲಸ ಮಾಡುವುದನ್ನು ನೋಡಿಯೇ ಅಲನ್ ಕೇಗೆ ತಮ್ಮ ದಾರಿ ಹೊಳೆದದ್ದು. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಬಲಕ್ಕೆ 90 ಡಿಗ್ರಿ ತಿರುಗು, ನಾಲ್ಕು ಸಲ ಹೀಗೇ ಮಾಡು ಅಂದರೆ ಚೌಕ ಬರೆಯುತ್ತದೆ. ಅಷ್ಟು ತೋರಿಸಿ ಸುಮ್ಮನೆ ಕೂತೆ.

ಸೊಸಿ 4 ಅಳಿಸಿ 36 ಹಾಕಿದಳು. ಆಮೆ ಅದೇ ಚೌಕದ ಮೇಲೆ ಸುತ್ತಿ ಸುತ್ತಿ ನಿಂತಿತು. ಹುಬ್ಬು ಗಂಟಿಕ್ಕಿದಳು. ಆಮೇಲೆ 90 ಅಳಿಸಿ 89 ಮಾಡಿದಳು. ಚೌಕದ ಮೇಲೆ ಚೌಕ ಒಂದಿಷ್ಟೊಂದಿಷ್ಟೇ ಸರಿಯುತ್ತ ಹೋಯಿತು.

"ಅಜ್ಜಾ, ಬಾ ಇಲ್ಲೆ! ಅಂಚು ಬಂತು ನೋಡು!" ಅಂತ ಕೂಗಿದಳು.